ಮನೆ ಹೊತ್ತು ಬಂದ ಕುದುರೆ

ನಮ್ಮ ಹೊಲಕ್ಕೆ ಬಂದ ಕುರುಬರ ಕುದುರೆಯ ವಿಡಿಯೊ ಇದು. ದೃಶ್ಯ ಸ್ವಲ್ಪ ಅಲುಗಾಡುತ್ತಿದೆ, ಕ್ಷಮಿಸಿ. ಬದುವಿನ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು ತೆಗೆದದ್ದು. ಎದ್ದು ನಿಂತರೆ ಕುದುರೆ ಬೆದರುತ್ತದೆ ಎಂದು ಅಜ್ಜ ಗದರಿದ್ದರು.

ಇದು ಗದಗ ಜಿಲ್ಲೆಯಲ್ಲಿರುವ ನಮ್ಮ 3 ಎಕರೆ ಎರೆ ಹೊಲ. ಕಡಲೆ ಕಿತ್ತಾಗಿತ್ತು. ಬೆಳಗಾವಿ ಕಡೆಯ ಕುರುಬರು ಕುರಿ ನಿಲ್ಲಿಸಲು ಬಂದರು. ರಾತ್ರಿಯೆಲ್ಲ ಕುರಿಗಳು ಬಲೆಯ ಬೇಲಿಯೊಳಗೆ ಮಲಗುತ್ತವೆ. ಹಿಕ್ಕೆ, ಗಂಜಲವೆಲ್ಲ ಹೊಲಕ್ಕೆ. ಅದಕ್ಕೆ ನಾವು ಜೋಳ ಇಲ್ಲವೇ ಹಣ ಕೊಡುತ್ತೇವೆ. ಮರುದಿನ ಬಲೆ ಪಕ್ಕದ ಪಟ್ಟಿಗೆ ಸರಿಯುತ್ತದೆ.

ಎಲ್ಲರ ಮೊಬೈಲ್ ಕುರಿಗಳ ಕಡೆಗೇ ತಿರುಗಿತ್ತು. ನನ್ನ ಕಣ್ಣು ಮಾತ್ರ ಈ ಕಂದು ಕುದುರೆಯ ಮೇಲೆ. ನೋಡಿ, ನನ್ನ ಎದೆಯಷ್ಟೂ ಎತ್ತರವಿಲ್ಲ. ಅದರ ಬೆನ್ನಿನಿಂದ ಇಳಿದದ್ದನ್ನು ಎಣಿಸಿದೆ: ಕೌದಿ, ಕಂಬಳಿ, ಬಲೆಯ ಸುರುಳಿ, ರೊಟ್ಟಿ ಹಂಚು, ಹಿಟ್ಟಿನ ಚೀಲ, ಎರಡು ಕೊಡ, ಕಾಲು ಕಟ್ಟಿದ ಒಂದು ಕೋಳಿ. ಕೊನೆಗೆ ಚೀಲದೊಳಗಿಂದ ಅಂದೇ ಹುಟ್ಟಿದ ಎರಡು ಕುರಿಮರಿಗಳು ತಲೆ ಹೊರಗೆ ಹಾಕಿದವು! ಅರ್ಧ ಗಂಟೆಯಲ್ಲಿ ಒಲೆ ಹೊತ್ತಿತು.

"ಚಕ್ಕಡಿಯಲ್ಲಿ ತರಬಹುದಿತ್ತಲ್ಲ, ಅವ್ವಾ?" ಎಂದೆ.

"ಚಕ್ಕಡಿಗೆ ದಾರಿ ಬೇಕು, ತಮ್ಮಾ. ಕುರಿಗೆ ಎಲ್ಲಿಯ ದಾರಿ?" ಎಂದು ಹೇರು ಇಳಿಸಿದ ಆ ಕುರುಬರ ತಾಯಿ ನಕ್ಕರು.

ರಾತ್ರಿ ಎದ್ದು ಹೋಗಿ ನೋಡಿದೆ. ನಮ್ಮ ಎತ್ತುಗಳು ಮಲಗಿ ಮೆಲುಕು ಹಾಕುತ್ತಿದ್ದವು, ಕುದುರೆ ಇನ್ನೂ ಮೇಯುತ್ತಲೇ ಇತ್ತು. ಅದಕ್ಕೆ ಮೆಲುಕಿಲ್ಲ, ಜಠರವೂ ಚಿಕ್ಕದು. ಬಯಲಿಗೆ ಬಿಟ್ಟರೆ ದಿನಕ್ಕೆ 15 ಗಂಟೆಯವರೆಗೂ ಬಾಯಾಡಿಸುತ್ತದೆ. ಹಾಗಾಗಿ ಗೂಟಕ್ಕೆ ಕಟ್ಟದೆ ಮುಂಗಾಲೆರಡನ್ನೂ ಹಗ್ಗದಿಂದ ಬಿಗಿದಿದ್ದರು. ಕುಪ್ಪಳಿಸುತ್ತ ಮೇಯಬಹುದು, ದೂರ ಓಡಲಾಗದು. ಹಾಗೆ ಕುಪ್ಪಳಿಸುವುದನ್ನು ನೋಡಲು ನನಗಂತೂ ಸಂಕಟವಾಯಿತು.

ನಮಗೂ ಒಂದು ಕುದುರೆ ಬೇಕೆಂದು ತಮ್ಮ ಹಟ ಹಿಡಿದ. ಅಜ್ಜ ಬೆರಳು ಮಡಚುತ್ತ ಲೆಕ್ಕ ಹಾಕಿದರು: ಉಳಲು ಎತ್ತಿದೆ, ಹಾಲಿಗೆ ಎಮ್ಮೆಯಿದೆ, ನಮ್ಮ ಕಣಕಿ ಇವಕ್ಕೇ ಸಾಲದು. "ಅವರ ಕುದುರೆ ಊರೂರಿನ ಬದು ಮೇಯುತ್ತದೆ. ನಿನ್ನದು ನನ್ನ ಬಣವೆಯನ್ನೇ ಮೇಯುತ್ತದೆ!" ತಮ್ಮ ಮುಖ ಊದಿಸಿಕೊಂಡ. ನಾನು ಅಜ್ಜನ ಕಡೆ.

ಮೂರನೆಯ ಬೆಳಿಗ್ಗೆ ಹೇರು ಮತ್ತೆ ಬೆನ್ನೇರಿತು. ಮರಿಗಳು ಕೊನೆಗೆ. ಮಂದೆ ಮೇಯುತ್ತ ನಿಧಾನವಾಗಿ ಬರಲೆಂದು ಆ ಕುರುಬರ ಅವ್ವ ಕುದುರೆ ಹಿಡಿದುಕೊಂಡು ಮೊದಲೇ ಹೊರಟರು. ಮುಂದಿನ ಹೊಲದಲ್ಲಿ ರೊಟ್ಟಿ ಬಡಿಯಬೇಕಲ್ಲ.

ಕೊನೆಯಲ್ಲಿ ಬುಟ್ಟಿ ಹಿಡಿದು ಕಾಣುತ್ತಿರುವವನು ನನ್ನ ತಮ್ಮ. ಕುದುರೆಯ ಲದ್ದಿ ಆರಿಸುತ್ತಿದ್ದಾನೆ. ಅದಕ್ಕೆ ಅಜ್ಜನ ತಕರಾರಿಲ್ಲ.