ಕೌಂಟಿ ಲೈಬ್ರರಿಯಲ್ಲಿ ನಮ್ಮ ಹೆಸರೂ ಇರಲಿ

ಎಲ್ಲರಿಗೂ ನಮಸ್ಕಾರ. ಹಾಡು, ನಾಟಕಗಳ ನಡುವೆ ಹಳೇ ಕಾಗದಗಳ ಬಗ್ಗೆ ಮಾತಾಡಲು ಸಮಯ ಕೊಟ್ಟ ನಮ್ಮ ಓಹಾಯೋದ ಈ ಕನ್ನಡ ಕೂಟಕ್ಕೆ ಧನ್ಯವಾದ.

ನಿವೃತ್ತಿಯಾದ ಮೇಲೆ ನಾನು ನಮ್ಮ ಕೌಂಟಿಯ, ಅಂದರೆ ಇಲ್ಲಿನ ಜಿಲ್ಲೆಯ, ವಂಶಾವಳಿ ಸೊಸೈಟಿಯ ಲೈಬ್ರರಿಯಲ್ಲಿ ಸ್ವಯಂಸೇವಕಿಯಾಗಿದ್ದೇನೆ. ಓಹಾಯೋ ಜೀನಿಯಾಲಾಜಿಕಲ್ ಸೊಸೈಟಿ ಶುರುವಾಗಿದ್ದು 1959ರಲ್ಲಿ. ಅದರ ದೊಡ್ಡ ಲೈಬ್ರರಿ ಬೆಲ್‌ವಿಲ್‌ನಲ್ಲಿದೆ. ಕೌಂಟಿಗಳಲ್ಲಿ ಅದರ ಶಾಖೆಗಳಿವೆ. ಶಾಖೆ ನಡೆಯುವುದು ಹೆಚ್ಚಾಗಿ ನಮ್ಮಂಥವರಿಂದಲೇ. ಬಾಗಿಲು ತೆಗೆಯುವವರು, ಪೆಟ್ಟಿಗೆ ಬಿಚ್ಚುವವರು, ಬಂದವರಿಗೆ ಹುಡುಕಿ ಕೊಡುವವರು, ಎಲ್ಲರೂ ಸಂಬಳವಿಲ್ಲದವರು.

"ಯಾರದೋ ಮುತ್ತಜ್ಜನ ಲೆಕ್ಕ ನಿಮಗ್ಯಾಕೆ? ಎಲ್ಲಾ ಕಂಪ್ಯೂಟರಲ್ಲೇ ಸಿಗುತ್ತಲ್ವಾ?" ಅಂತ ನಮ್ಮವರೇ ಕೇಳುತ್ತಾರೆ. ಎಲ್ಲಾ ಸಿಗುವುದಿಲ್ಲ. ಅಮೆರಿಕದ 1890ರ ಜನಗಣತಿಯನ್ನೇ ನೋಡಿ. ಆಗ ಇಲ್ಲಿದ್ದ ಜನ 6 ಕೋಟಿಗೂ ಜಾಸ್ತಿ. 1921ರ ಜನವರಿಯಲ್ಲಿ ವಾಷಿಂಗ್ಟನ್ನಿನ ವಾಣಿಜ್ಯ ಇಲಾಖೆಯ ಕಟ್ಟಡಕ್ಕೆ ಬೆಂಕಿ ಬಿತ್ತು. ಸ್ವಲ್ಪ ಹಾಳೆ ಸುಟ್ಟವು, ಜಾಸ್ತಿ ಹಾಳೆ ನೀರಿನಲ್ಲಿ ನೆಂದು ಹಾಳಾದವು. ಉಳಿದದ್ದನ್ನೂ ಆಮೇಲೆ ಸರ್ಕಾರವೇ ನಾಶ ಮಾಡಿತು. ಈಗ ಸಿಗುವುದು 6 ಸಾವಿರ ಚಿಲ್ಲರೆ ಹೆಸರು ಮಾತ್ರ. 1880ರಿಂದ 1900ರವರೆಗೆ ಒಂದು ಮನೆಯಲ್ಲಿ ಯಾರು ಹುಟ್ಟಿದರು, ಯಾರು ಹೋದರು ಅಂತ ತಿಳಿಯಬೇಕಾದರೆ ಆಯಾ ಊರಿನ ಕಾಗದಗಳೇ ಗತಿ. ಚರ್ಚಿನ ರಿಜಿಸ್ಟರ್, ತೆರಿಗೆ ಪಟ್ಟಿ, ಊರಿನ ಪತ್ರಿಕೆ, ಊರವರ ಹೆಸರು ವಿಳಾಸ ಇರುವ ಸಿಟಿ ಡೈರೆಕ್ಟರಿ, ಇವೆಲ್ಲ. ಓಹಾಯೋದಲ್ಲಿ 1867ರಿಂದ 1908ರವರೆಗೆ ಜನನ ಮರಣ ಬರೆದುಕೊಳ್ಳುತ್ತಿದ್ದದ್ದು ಉಯಿಲು, ಆಸ್ತಿ ವಿಷಯ ನೋಡುವ ಕೌಂಟಿಯ ಪ್ರೊಬೇಟ್ ಕೋರ್ಟು. ಬರೆಸದೇ ಬಿಟ್ಟವರೂ ಬೇಕಾದಷ್ಟು ಜನ.

ನನ್ನ ಪಾಲಿನ ಕೆಲಸ ಹೆಚ್ಚಾಗಿ ಮರಣ ವಾರ್ತೆಗಳ ಸೂಚಿ ಮಾಡುವುದು. ಮೈಕ್ರೋಫಿಲ್ಮ್ ತಿರುಗಿಸುತ್ತಾ ಹಳೇ ಪತ್ರಿಕೆ ಓದಿ ಹೆಸರು, ತಾರೀಖು, ಪುಟ ಬರೆಯಬೇಕು. ಕೇಳಲು ಸುಲಭ. ಆದರೆ "ಮಿಸೆಸ್ ಜಾನ್ ಮಿಲ್ಲರ್ ತೀರಿಕೊಂಡರು" ಅಂತ ಇರುತ್ತದೆ, ಅಷ್ಟೇ. ಆ ಹೆಣ್ಣುಮಗಳ ಹೆಸರೇ ಇಲ್ಲ! ಐದು ಮಕ್ಕಳನ್ನು ಹೆತ್ತು ಸಾಕಿದವಳು ತನ್ನ ಸಾವಿನ ಸುದ್ದಿಯಲ್ಲೂ ಗಂಡನ ಹೆಸರಲ್ಲೇ ಇರುತ್ತಾಳೆ. ಹಾಗೇ ಸೂಚಿಗೆ ಸೇರಿಸಿದರೆ ಅವಳ ಮೊಮ್ಮಗಳ ಮಗಳು ಎಷ್ಟು ಹುಡುಕಿದರೂ ಸಿಗುವುದಿಲ್ಲ. ಆಗ ಮದುವೆ ರಿಜಿಸ್ಟರ್ ತೆಗೆಯುತ್ತೇವೆ, ಸ್ಮಶಾನದ ಪಟ್ಟಿ ನೋಡುತ್ತೇವೆ, ಮಕ್ಕಳ ಮರಣ ಪತ್ರದಲ್ಲಿ ತಾಯಿಯ ಹೆಸರಿದೆಯಾ ಅಂತ ಹುಡುಕುತ್ತೇವೆ. ಒಂದು ಸಾಲಿಗೆ ಇಡೀ ಮಧ್ಯಾಹ್ನ ಹೋಗುತ್ತದೆ. ನನಗೆ ಈ ಕೆಲಸದಲ್ಲಿ ಅತಿ ಇಷ್ಟವಾದ ಭಾಗ ಇದೇ.

ಓದುವುದಕ್ಕೂ ಅಭ್ಯಾಸ ಬೇಕು. ಹಳೇ ಕೈಬರಹದಲ್ಲಿ ಎರಡು ಎಸ್ ಒಟ್ಟಿಗೆ ಬಂದರೆ ಮೊದಲನೆಯದನ್ನು ಉದ್ದ ಎಳೆದು ಬರೆಯುತ್ತಿದ್ದರು. ಜೆಸ್ಸಿ ನಮ್ಮ ಕಣ್ಣಿಗೆ ಜೆಪ್ಸಿ ಆಗುತ್ತಾಳೆ. ಸಮಾಧಿ ಕಲ್ಲಿನ ಅಕ್ಷರ ಸವೆದಿದ್ದರೆ ತಂತಿ ಬ್ರಷ್ ಹಾಕಿ ಉಜ್ಜಬಾರದು, ಸೀಮೆಸುಣ್ಣವನ್ನೂ ಬಳಿಯಬಾರದು, ಕಲ್ಲು ಹಾಳಾಗುತ್ತದೆ. ಕನ್ನಡಿ ಹಿಡಿದು ಬಿಸಿಲನ್ನು ಪಕ್ಕದಿಂದ ಬೀಳಿಸಿದರೆ ಅಕ್ಷರದ ನೆರಳು ಎದ್ದು ಕಾಣುತ್ತದೆ. ಕಾಣಿಸಿದ ಕೂಡಲೇ ಫೋಟೋ ತೆಗೆದುಕೊಳ್ಳಬೇಕು.

ಬಂದವರಲ್ಲಿ ಕೆಲವರ ಹುಡುಕಾಟ ತುಂಬಾ ಕಷ್ಟದ್ದು. ಗುಲಾಮಗಿರಿಯಲ್ಲಿದ್ದ ಕಪ್ಪು ಜನರ ಹೆಸರು ಜನಗಣತಿಯಲ್ಲಿ ಬರುವುದು 1870ರಿಂದ. ಅದಕ್ಕೂ ಮುಂಚಿನ 1850 ಮತ್ತು 1860ರ ಪಟ್ಟಿಗಳಲ್ಲಿ ಮಾಲೀಕನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಮೈಬಣ್ಣ ಇರುತ್ತಿತ್ತು. ಹೆಸರು ಬಹುತೇಕ ಇಲ್ಲವೇ ಇಲ್ಲ. ಅವರ ವಂಶದವರು ಎದುರಿಗೆ ಕೂತಾಗ ಸ್ವಯಂಸೇವಕರು ಆತುರ ಮಾಡಬಾರದು. ಉಯಿಲು, ಆಸ್ತಿ ಪಟ್ಟಿ, ಚರ್ಚಿನ ಪುಸ್ತಕ, ಒಂದೊಂದನ್ನೂ ಜೊತೆಗೆ ಕೂತು ನೋಡಬೇಕು.

ಈಗ ನಮ್ಮ ವಿಷಯಕ್ಕೆ ಬರುತ್ತೇನೆ. 1965ರ ವಲಸೆ ಕಾನೂನಿನ ನಂತರ ನಮ್ಮವರು ಇಲ್ಲಿಗೆ ಜಾಸ್ತಿ ಬರತೊಡಗಿದರು. ಇಲ್ಲಿನ ಜನಗಣತಿಯ ಮನೆ ಮನೆ ಹಾಳೆಗಳು 72 ವರ್ಷದ ಮೇಲೆ ಎಲ್ಲರಿಗೂ ತೆರೆಯುತ್ತವೆ. 1950ರದ್ದು 2022ರ ಏಪ್ರಿಲ್‌ನಲ್ಲಿ ತೆರೆಯಿತು. ನಮ್ಮ ಹಿರಿಯರು ಇರುವ 1970ರದ್ದು ತೆರೆಯುವುದು 2042ಕ್ಕೆ. ಅಲ್ಲಿವರೆಗೆ ನಾವು ಇಲ್ಲಿ ಇದ್ದೆವು ಅನ್ನುವುದಕ್ಕೆ ಕೌಂಟಿ ಲೈಬ್ರರಿಯಲ್ಲಿ ಏನಿದೆ ಅಂತ ಹುಡುಕಿದೆ. ಸಿಟಿ ಡೈರೆಕ್ಟರಿಯಲ್ಲಿ ಅಲ್ಲೊಬ್ಬ ರಾವ್, ಇಲ್ಲೊಬ್ಬ ಹೆಗ್ಡೆ ಸಿಕ್ಕರು. ಅವರ ಊರು ಯಾವುದು, ಮನೆಯಲ್ಲಿ ಯಾರ್ಯಾರು ಇದ್ದರು, ಒಂದೂ ಗೊತ್ತಾಗಲಿಲ್ಲ.

ಹೆಗ್ಡೆ, ಹೆಗಡೆ, ಹೆಗ್ಗಡೆ ಕಾಗುಣಿತದ ತೊಂದರೆ ದೊಡ್ಡದಲ್ಲ. ಸೌಂಡೆಕ್ಸ್ ಅಂತ ಒಂದು ಹಳೇ ಪದ್ಧತಿ ಇದೆ. ಹೆಸರಿನ ಉಚ್ಚಾರಕ್ಕೆ ಒಂದಕ್ಷರ, ಮೂರು ಅಂಕಿ ಕೊಡುತ್ತದೆ. ಈ ಮೂರಕ್ಕೂ ಎಚ್-230 ಬರುತ್ತದೆ, ಒಟ್ಟಿಗೆ ಸಿಗುತ್ತವೆ. ಕಷ್ಟ ಇರುವುದು ನಮ್ಮ ಸರ್‌ನೇಮ್‌ನಲ್ಲಿ. ಸುಮ್ನೆ ಉದಾಹರಣೆಗೆ ಹೇಳುತ್ತೇನೆ: ಅಪ್ಪ ರಾಮಯ್ಯ. ಮಗ ಮಂಜುನಾಥ ಇಲ್ಲಿಗೆ ಬಂದು ಆರ್. ಮಂಜುನಾಥ್ ಆದ. ಅವನ ತಮ್ಮ ಬಂದಾಗ ಪಾಸ್‌ಪೋರ್ಟಿನಲ್ಲಿ ಊರ ಹೆಸರು ಕೊನೆಗೆ ಇತ್ತು, ಅವನು ರವಿ ತುರುವೇಕೆರೆ. ಮಂಜುನಾಥನ ಹೆಂಡತಿ ತನ್ನ ಅಪ್ಪನ ಹೆಸರು ಬಿಡಲಿಲ್ಲ, ಲಲಿತಾ ಕೃಷ್ಣಪ್ಪ. ಮಗಳು ಕಾವ್ಯ ಮಂಜುನಾಥ್. ಇದನ್ನು ಓದುವ ಸ್ವಯಂಸೇವಕರಿಗೆ ಇವರು ಒಂದೇ ಮನೆಯವರು ಅಂತ ಹೇಗೆ ತಿಳಿಯಬೇಕು? ಅವರ ತಪ್ಪಲ್ಲ. ನಮ್ಮಲ್ಲಿ ಯಾರಾದರೂ ಆ ಮೇಜಿನ ಹತ್ತಿರ ಕೂತಿರಬೇಕು, ಅಷ್ಟೇ.

ಉತ್ತರ ಕರ್ನಾಟಕದವರಿಗೆ ಹೆಳವರು ಗೊತ್ತು. ಸುಗ್ಗಿ ಮುಗಿದ ಮೇಲೆ ಬಂದು, ಮನೆತನದ ಹೆಸರು ಒಂದೊಂದಾಗಿ ಹೇಳಿ, ಹೊಸದಾಗಿ ಹುಟ್ಟಿದ ಮಕ್ಕಳ ಹೆಸರು ಬರೆದುಕೊಳ್ಳುತ್ತಾರೆ. ಮನೆಯವರು ಕಾಳು, ದುಡ್ಡು ಕೊಟ್ಟು ಕಳಿಸುತ್ತಾರೆ. ನಮ್ಮ ಅಂಗಳದಲ್ಲಿ ಅವರ ಎತ್ತು ನಿಂತರೆ ಅಜ್ಜ ಕೆಲಸ ಬಿಟ್ಟು ಬಂದು ಕೂರುತ್ತಿದ್ದರು. ಇಲ್ಲಿಗೆ ಹೆಳವರು ಬರುವುದಿಲ್ಲ. ಆ ಕೆಲಸ ನಾವೇ ಮಾಡಬೇಕು.

ಏನು ಮಾಡಬಹುದು ಅಂತ ಕೇಳುತ್ತೀರಿ. ಮೊದಲು ಈ ಕೂಟದ ಹಳೇ ಸ್ಮರಣ ಸಂಚಿಕೆಗಳು. ಯುಗಾದಿ, ರಾಜ್ಯೋತ್ಸವದ ಆಮಂತ್ರಣ, ಸದಸ್ಯರ ಪಟ್ಟಿ ಯಾರ ಬೇಸ್‌ಮೆಂಟಿನಲ್ಲಿದ್ದರೂ ಕೊಡಿ. ಸದಸ್ಯರ ಪಟ್ಟಿಯಲ್ಲಿ ಈಗಿನವರ ವಿಳಾಸ, ಫೋನ್ ನಂಬರ್ ಇರುತ್ತವೆ. ಅವರನ್ನು ಕೇಳದೆ ಅದನ್ನು ಹೊರಗೆ ಇಡುವುದಿಲ್ಲ. ಫೋಟೋ ಇದ್ದರೆ ಹಿಂದೆ ಮೆತ್ತನೆಯ ಪೆನ್ಸಿಲ್‌ನಲ್ಲಿ ಹೆಸರು ಬರೆದು ತನ್ನಿ. ಬಾಲ್‌ಪೆನ್ ಬೇಡ, ಒತ್ತಿದ ಗುರುತು ಮುಂದೆ ಮೂಡುತ್ತದೆ. ಅಂಟಿನ ಆಲ್ಬಮ್ಮಿನಿಂದ ಫೋಟೋ ಕೀಳಬೇಡಿ, ಆಲ್ಬಮ್ಮನ್ನೇ ತನ್ನಿ.

ಮನೆಯಲ್ಲಿ ಯಾರಾದರೂ ತೀರಿಕೊಂಡಾಗ ಅಂತ್ಯಸಂಸ್ಕಾರದ ವ್ಯವಸ್ಥೆ ಮಾಡುವ ಫ್ಯೂನರಲ್ ಹೋಮ್‌ನವರು ಮರಣ ವಾರ್ತೆ ಬರೆಸುತ್ತಾರೆ. ಆ ದುಃಖದಲ್ಲಿ "ಇಂಡಿಯಾದಲ್ಲಿ ಹುಟ್ಟಿದರು" ಅಂತ ಬರೆದು ಮುಗಿಸಿಬಿಡುತ್ತೇವೆ. ಹಳ್ಳಿ, ತಾಲ್ಲೂಕು, ಅಪ್ಪ ಅಮ್ಮ ಇಬ್ಬರ ಹೆಸರು, ಹೆಣ್ಣುಮಗಳಾದರೆ ತವರಿನ ಹೆಸರು, ಇಷ್ಟು ಸೇರಿಸಿ. ಒಂದು ಪ್ರತಿ ಮುದ್ರಿಸಿ ಲೈಬ್ರರಿಗೆ ಕಳಿಸಿ.

ಕೊನೆಯದಾಗಿ, ಎರಡು ಥರದ ಜನ ಬೇಕಾಗಿದ್ದಾರೆ. ಕನ್ನಡ ಓದಿ ಹೆಸರುಗಳನ್ನು ಇಂಗ್ಲಿಷಿಗೆ ಇಳಿಸಬಲ್ಲ ಹಿರಿಯರು, ಸ್ಕ್ಯಾನರ್ ಹತ್ತಿರ ಕೂರಬಲ್ಲ ಹುಡುಗರು. ಬಾಗಿಲ ಬಳಿ ಮೇಜಿನ ಮೇಲೆ ಒಂದು ಪುಸ್ತಕ ಇಟ್ಟಿದ್ದೇನೆ. ಊಟಕ್ಕೆ ಹೋಗುವ ಮುಂಚೆ ಅದರಲ್ಲಿ ನಿಮ್ಮ ಹೆಸರು, ಯಾವ ದಿನ ಬಿಡುವಿದೆ ಅನ್ನುವುದನ್ನು ಬರೆಯಿರಿ.