ರೇಸಿಗೂ ಒಂದು ಮೆಗಾಬ್ಲಾಕ್

ಎಲ್ಲರಿಗೂ ನಮಸ್ಕಾರ. ಭಾನುವಾರ ಮಧ್ಯಾಹ್ನ, ಅದೂ ಹಳಿ ದುರಸ್ತಿಗೆಂದು ಅದರ ಮೇಲಿನ ಗಾಡಿ ನಿಲ್ಲಿಸುವ ಮಾಟುಂಗಾ–ಮುಲುಂಡ್ ಮೆಗಾಬ್ಲಾಕ್ ಇರುವ ದಿನ, ಡೊಂಬಿವಲಿ, ಠಾಣೆಗಳಿಂದ ರೈಲ್ವೆಯವರನ್ನು ಬೈದುಕೊಳ್ಳುತ್ತಾ ಬಂದಿದ್ದೀರಿ. ನಾನೂ ಬೈದೆ. ಆದರೆ ಇವತ್ತು ಆ ಬ್ಲಾಕಿನ ಪರವಾಗಿಯೇ ಮಾತಾಡುತ್ತೇನೆ. ಹಳಿಯ ಮೇಲೆ ಮನುಷ್ಯ ಇಳಿಯುವ ಮೊದಲು ಗಾಡಿ ನಿಲ್ಲಬೇಕು. ರೈಲ್ವೆಯಲ್ಲೂ ಇದು ಸದಾ ಪಾಲನೆಯಾಗುವುದಿಲ್ಲ, ಬಿಡಿ. ಮೋಟಾರ್ ರೇಸಿನವರಂತೂ ಈ ಸಣ್ಣ ಮಾತನ್ನು ಹೆಣ ಎಣಿಸಿ ಕಲಿತರು.

ದಕ್ಷಿಣ ಆಫ್ರಿಕಾದ ಕ್ಯಾಲಾಮಿ, 1977ರ ಮಾರ್ಚ್ 5. ಫಾರ್ಮುಲಾ ಒನ್ ರೇಸು. ರೆಂಜೊ ಝೋರ್ಜಿಯ ಕಾರು ಪಿಟ್ (ಕಾರು ರಿಪೇರಿಯ ಜಾಗ) ಎದುರು ನಿಂತು ಸಣ್ಣಗೆ ಹೊಗೆಯಾಡಿತು. ಪಿಟ್ ಕಡೆಯಿಂದ, ಟ್ರ್ಯಾಕಿನ ಸುರಕ್ಷತೆ ನೋಡಿಕೊಳ್ಳುವ ಇಬ್ಬರು ಮಾರ್ಷಲ್‌ಗಳು ಟ್ರ್ಯಾಕ್ ದಾಟಿ ಓಡಿದರು. ಒಬ್ಬ ಫ್ರೆಡರಿಕ್ ಯಾನ್ಸೆನ್ ವಾನ್ ವ್ಯೂರೆನ್, 19 ವರ್ಷದ ಹುಡುಗ. ಕೈಯಲ್ಲಿ ಬೆಂಕಿ ಆರಿಸುವ ಸಿಲಿಂಡರ್. ರಸ್ತೆಯ ಏರು ಅಡ್ಡ ಇದ್ದುದರಿಂದ ಹಿಂದಿನಿಂದ ಬರುವವರಿಗೆ ಇವರು ಕಾಣುವಂತಿರಲಿಲ್ಲ. ಟಾಮ್ ಪ್ರೈಸ್‌ನ ಕಾರು ಗಂಟೆಗೆ ಸುಮಾರು 270 ಕಿಲೋಮೀಟರ್ ವೇಗದಲ್ಲಿ ಹುಡುಗನಿಗೆ ಬಡಿಯಿತು. ಸಿಲಿಂಡರ್ ಪ್ರೈಸ್‌ನ ಹೆಲ್ಮೆಟ್ಟಿಗೆ ಬಡಿಯಿತು. ಇಬ್ಬರೂ ಸತ್ತರು. ಅವಸರಪಟ್ಟ ಹುಡುಗನದೇ ತಪ್ಪು ಎಂದುಬಿಡುವುದು ಸುಲಭ. ರೇಸು ಓಡುತ್ತಿರುವಾಗ ಅವನು ಟ್ರ್ಯಾಕಿಗೆ ಇಳಿಯದಂತೆ ತಡೆಯುವುದು ಯಾರ ಕೆಲಸವಾಗಿತ್ತು ಎಂದು ನಾನು ಕೇಳುತ್ತೇನೆ.

ಮಾರ್ಷಲ್‌ಗಳಲ್ಲಿ ಹೆಚ್ಚಿನವರು ಸಂಬಳವಿಲ್ಲದ ಸ್ವಯಂಸೇವಕರು. ನಮ್ಮ ಕಂಬಳದಲ್ಲಿ ಓಟ ಮುಗಿಯುವ ಮಂಜೊಟ್ಟಿಯಲ್ಲಿ ಓಡಿ ಬಂದ ಕೋಣಗಳನ್ನು ಹಿಡಿಯಲು ನಿಲ್ಲುತ್ತಾರಲ್ಲ, ಅವರ ಹಾಗೆ. ಫೋಟೊ ಓಡಿಸಿದವನದು, ಪದಕ ಯಜಮಾನನದು.

2000ದಲ್ಲಿ ಇಟಲಿಯ ಮೊಂಜಾದಲ್ಲಿ ಕಾರಿನಿಂದ ಹಾರಿ ಬಂದ ಚಕ್ರ ಮಾರ್ಷಲ್ ಪಾವೊಲೊ ಜಿಸ್ಲಿಂಬರ್ಟಿಯನ್ನು ಕೊಂದಿತು. ಆರು ತಿಂಗಳೊಳಗೆ ಮೆಲ್ಬರ್ನ್‌ನಲ್ಲಿ ಗ್ರಹಾಂ ಬೆವರಿಜ್: ಅಲ್ಲೂ ಚಕ್ರವೇ, ಬೇಲಿಯಲ್ಲಿದ್ದ ಕಿಂಡಿಯ ಮೂಲಕ. ಆಸ್ಟ್ರೇಲಿಯದ ಕರೋನರ್ (ಸಾವಿನ ಕಾರಣ ಹುಡುಕುವ ಅಧಿಕಾರಿ) ವಿಚಾರಣೆ ನಡೆಸಿ, ಈ ಸಾವನ್ನು ತಪ್ಪಿಸಬಹುದಿತ್ತು ಎಂದರು. ಚಕ್ರ ಹಾರಿದ್ದು ದುರದೃಷ್ಟ ಇರಬಹುದು. ಕಿಂಡಿಯನ್ನು ಯಾರೋ ಅಳತೆ ಮಾಡಿಯೇ ಬಿಟ್ಟಿದ್ದರು. 2013ರಲ್ಲಿ ಮಾಂಟ್ರಿಯಲ್‌ನಲ್ಲಿ ರೇಸು ಮುಗಿದ ಮೇಲೆ, ಕೆಟ್ಟು ನಿಂತ ಕಾರನ್ನು ಸಾಗಿಸುತ್ತಿದ್ದ ಯಂತ್ರದಡಿ ಮಾರ್ಷಲ್ ಮಾರ್ಕ್ ರಾಬಿನ್ಸನ್ ಸಿಕ್ಕಿಬಿದ್ದು ಸತ್ತರು. ಅಲ್ಲಿ ವೇಗದ ಪ್ರಶ್ನೆಯೇ ಇರಲಿಲ್ಲ.

ಮರುವರ್ಷ ಜಪಾನಿನ ಸುಜುಕಾದ ಮಳೆಯಲ್ಲಿ, ಹಳದಿ ಬಾವುಟ ಬೀಸುತ್ತಿದ್ದಾಗಲೇ, ಜೂಲ್ಸ್ ಬಿಯಾಂಕಿಯ ಕಾರು ಕ್ರೇನಿಗೆ ನುಗ್ಗಿತು. ಒಂಬತ್ತು ತಿಂಗಳು ಕಳೆದು ಆತ ತೀರಿಕೊಂಡ. ಬಾವುಟ ಕಂಡರೆ ಎಷ್ಟು ನಿಧಾನಿಸಬೇಕೆಂಬುದು ಅಲ್ಲಿಯವರೆಗೆ ಚಾಲಕನ ಮನಸ್ಸಿಗೆ ಬಿಟ್ಟದ್ದು. 2015ರಲ್ಲಿ ವರ್ಚುವಲ್ ಸೇಫ್ಟಿ ಕಾರ್ ಬಂತು. ಇಡೀ ಟ್ರ್ಯಾಕಿನಲ್ಲಿ ಎಲ್ಲರೂ ಗೊತ್ತುಮಾಡಿದ ಸಮಯಕ್ಕಿಂತ ಬೇಗ ಹೋಗುವಂತಿಲ್ಲ. ಇದೇ ನಾನು ಹೇಳುವ ಬ್ಲಾಕ್. ಆದರೂ 2020ರಲ್ಲಿ ಇಮೊಲಾದಲ್ಲಿ, ಎಲ್ಲರನ್ನೂ ನಿಧಾನಿಸಲು ಮುಂದೆ ಓಡುವ ಸೇಫ್ಟಿ ಕಾರಿನ ಹೊತ್ತಿನಲ್ಲೇ, ಚೂರುಗಳನ್ನು ಆಯುತ್ತಿದ್ದ ಮಾರ್ಷಲ್‌ಗಳ ಪಕ್ಕದಲ್ಲೇ ಒಂದು ಕಾರು ಜೋರಾಗಿ ಹಾದುಹೋಯಿತು. ನಿಯಮ ಇತ್ತು. ಟ್ರ್ಯಾಕಿನಲ್ಲಿ ಜನ ಇದ್ದಾರೆಂದು ನೆನಪಿಟ್ಟುಕೊಳ್ಳುವವರು ಇರಲಿಲ್ಲ.

ಇನ್ನು ನಮ್ಮ ಕಡೆ. ಎಷ್ಟೋ ವರ್ಷದ ಹಿಂದೆ ಪುಣೆ ಹತ್ತಿರದ ಒಂದು ಕಾರು ರ‍್ಯಾಲಿಗೆ ನಾನೂ ಸ್ವಯಂಸೇವಕನಾಗಿ ಹೋಗಿದ್ದೆ. ಕಿತ್ತಳೆ ಜಾಕೆಟ್, ಒಂದು ಸೀಟಿ, ಒಂದು ಪೊಟ್ಟಣ ಪುಲಾವ್. ಸಣ್ಣ ಅಕ್ಷರದ ಇಂಗ್ಲಿಷ್ ಫಾರಮ್ಮಿಗೆ ಸಹಿ. ನಿಲ್ಲಿಸಿದ್ದು ತಿರುವಿನ ಹೊರಮೈಯಲ್ಲಿ, ಅಂದರೆ ಕಾರು ಜಾರಿದರೆ ಸೀದಾ ಬಂದು ಬೀಳುವ ಜಾಗದಲ್ಲಿ! ನನಗದು ಆಗ ತಿಳಿಯಲಿಲ್ಲ; ನಿಲ್ಲಿಸಿದವರಿಗೆ ತಿಳಿದಿರಬೇಕಿತ್ತು. ಫಾರಮ್ಮಿನ ಪ್ರತಿ ಕೇಳಿದ್ದಕ್ಕೆ ನಕ್ಕರು.

ಅಂಥ ಸಹಿ ಇದ್ದಮಾತ್ರಕ್ಕೆ ಅಪರಾಧದ ಪ್ರಶ್ನೆ ಮುಗಿಯುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿ ನಿರ್ಲಕ್ಷ್ಯದಿಂದಾದ ಸಾವಿಗೆ ಐದು ವರ್ಷದವರೆಗೆ ಶಿಕ್ಷೆ ಇದೆ. ಆದರೆ ನಿರ್ಲಕ್ಷ್ಯ ಯಾರದೆಂದು ತೋರಿಸಲು ಕಾಗದ ಬೇಕಲ್ಲ? ಯಾರನ್ನು ಎಲ್ಲಿ ನಿಲ್ಲಿಸಿದರು, ಟ್ರ್ಯಾಕಿಗೆ ಇಳಿ ಎಂದು ರೇಡಿಯೊದಲ್ಲಿ ಹೇಳಿದ್ದು ಯಾರು, ಎಷ್ಟು ಗಂಟೆಗೆ. ನಿಮ್ಮ ಮನೆಯ ಇಂಜಿನಿಯರಿಂಗ್ ಹುಡುಗರು ಜಾಕೆಟ್ ಹಾಕಿಕೊಂಡು ಹೊರಟಾಗ ವಿಮೆಯ ಕಾಗದ ಕೇಳಿ, ಸಹಿ ಹಾಕಿದ್ದರ ಪ್ರತಿ ಕೇಳಿ. ನಕ್ಕರೆ ನಗಲಿ.

ನಾಲ್ಕಕ್ಕೆ ಬ್ಲಾಕ್ ತೆಗೆಯುತ್ತಾರಂತೆ. ಅಲ್ಲಿಯವರೆಗೆ ಪ್ರಶ್ನೆ ಕೇಳಬಹುದು.