ಹೆಬ್ಬೆರಳು ಮುಟ್ಟುವಷ್ಟು ದೂರ

ನಮಸ್ಕಾರ. ಈ ಮಾತು ಕೇಳುತ್ತಿರುವಾಗ ಫೋನ್ ಪಕ್ಕದಲ್ಲೇ ಇದ್ದರೆ ಒಂದು ಸಣ್ಣ ಕೆಲಸ ಮಾಡಿ. ಅದನ್ನು ಒಂದೇ ಕೈಯಲ್ಲಿ ಹಿಡಿದುಕೊಳ್ಳಿ. ಬಲಗೈ ಅಂತಲೇ ಇಟ್ಟುಕೊಳ್ಳೋಣ. ಈಗ ಹಿಡಿತ ಬದಲಿಸದೆ ಹೆಬ್ಬೆರಳನ್ನು ಪರದೆಯ ಮೇಲಿನ ಎಡ ಮೂಲೆಗೆ ಮುಟ್ಟಿಸಿ.

ಮುಟ್ಟಲಿಲ್ಲ, ಅಲ್ವಾ? ಮುಟ್ಟಿಸಿಯೇ ತೀರುತ್ತೇನೆ ಅಂತ ಹಟ ಹಿಡಿದವರು ಫೋನನ್ನು ಅಂಗೈಯಲ್ಲಿ ಮೆಲ್ಲಗೆ ಕೆಳಕ್ಕೆ ಜಾರಿಸಿ, ಅಡಿಗೆ ಕಿರುಬೆರಳು ಆನಿಕೆ ಕೊಟ್ಟು, ಉಸಿರು ಬಿಗಿಹಿಡಿದು ಮುಟ್ಟಿರುತ್ತೀರಿ. ಕೈಜಾರಿ ಬಿದ್ದಿದ್ದರೆ ಕ್ಷಮಿಸಿ, ನಾನೇ ಹೇಳಿ ಮಾಡಿಸಿದ್ದು. ಎಷ್ಟೋ ಆ್ಯಪ್‌ಗಳಲ್ಲಿ ಹಿಂದಕ್ಕೆ ಹೋಗುವ ಬಾಣದ ಗುರುತು ಇರುವುದು ಸರಿಯಾಗಿ ಆ ಮೂಲೆಯಲ್ಲೇ.

ನನ್ನ ಕೈಯಲ್ಲಿರುವುದು 2021ರಲ್ಲಿ ಬಂದ ಐಫೋನ್ 13 ಮಿನಿ. 5.4 ಇಂಚಿನದು. ತೂಕ 140 ಗ್ರಾಂ ಆಸುಪಾಸು. ಈಗಿನ ದೊಡ್ಡ ಫೋನುಗಳು 200 ಗ್ರಾಂ ದಾಟುವುದು ಮಾಮೂಲು. ನೋಡಿದವರೆಲ್ಲ ಕೇಳುವುದು ಒಂದೇ, ಇದೇನು ಮಕ್ಕಳ ಆಟಿಕೆಯಾ ಅಂತ. ಕೇಳಿಕೊಳ್ಳಲಿ ಬಿಡಿ. ಒಂದು ಕೈ ಬಸ್ಸಿನ ಕಂಬಿ ಹಿಡಿದಿದ್ದಾಗ, ಕೊಡೆ ಹಿಡಿದಿದ್ದಾಗ, ಮಗುವನ್ನು ಎತ್ತಿಕೊಂಡಿದ್ದಾಗ ಇನ್ನೊಂದು ಕೈಯಲ್ಲೇ ಪೂರ್ತಿ ಮೆಸೇಜು ಬರೆದು ಕಳಿಸಬಹುದಲ್ಲ, ನನಗೆ ಅಷ್ಟು ಸಾಕು.

ಇದಕ್ಕೆ ಮುಂಚೆ ನಾನೂ ದೊಡ್ಡದರ ಆಸೆಗೆ ಬಿದ್ದವನೇ. 6.7 ಇಂಚಿನದೊಂದನ್ನು ಎಂಟು ತಿಂಗಳು ಹೊತ್ತು ತಿರುಗಿದೆ. ಹೊತ್ತು ಅನ್ನುವ ಮಾತು ಸುಮ್ನೆ ಹೇಳುತ್ತಿಲ್ಲ. ಶರ್ಟಿನ ಜೇಬಿನಲ್ಲಿಟ್ಟು ಬಗ್ಗಿದರೆ ಜಾರಿ ಬೀಳುತ್ತಿತ್ತು, ಪ್ಯಾಂಟಿನ ಜೇಬಿನಲ್ಲಿಟ್ಟು ಕೂತರೆ ತೊಡೆಗೆ ಒತ್ತುತ್ತಿತ್ತು. ಕಿರುಬೆರಳಿನ ಪಕ್ಕದಲ್ಲಿ, ಫೋನಿನ ಅಂಚು ಕೂರುವ ಜಾಗದಲ್ಲಿ, ಸಂಜೆ ಹೊತ್ತಿಗೆ ಒಂದು ಕೆಂಪು ಗೆರೆ ಮೂಡಿರುತ್ತಿತ್ತು. ಒಂದು ರಾತ್ರಿ ಅಂಗಾತ ಮಲಗಿ ಓದುತ್ತಿದ್ದೆ, ಕಣ್ಣು ಎಳೆಯಿತು, ಫೋನ್ ನೇರ ಮೂಗಿನ ಮೇಲೆ ಬಿತ್ತು. ಮೂಗಿಗೆ ಏನೂ ಆಗಲಿಲ್ಲ. ಆದರೆ ಬೆಳಗ್ಗೆ ಎದ್ದವನೇ ಚಿಕ್ಕ ಫೋನ್ ಯಾವುದಿದೆ ಅಂತ ಹುಡುಕಲು ಕೂತೆ. ಹುಡುಕಿದಾಗಲೇ ಗೊತ್ತಾದದ್ದು, ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಹೀಗೆ ಹೇಗಾಯಿತು ಅನ್ನುವುದು ತಮಾಷೆಯ ಕಥೆ. 2007ರ ಮೊದಲ ಐಫೋನಿನ ಪರದೆ 3.5 ಇಂಚು. ಆಗ ಅದೇ ದೊಡ್ಡದು. 2010ರಲ್ಲಿ ಬೇರೆಯವರು ದೊಡ್ಡ ಫೋನು ತರಲು ಶುರು ಮಾಡಿದಾಗ, ಅಂಗೈಯಲ್ಲಿ ಹಿಡಿಯಲಾಗದ್ದನ್ನು ಯಾರೂ ಕೊಳ್ಳುವುದಿಲ್ಲ ಅಂದುಬಿಟ್ಟರು ಐಫೋನ್ ಮಾಡುವ ಆಪಲ್ ಕಂಪನಿಯ ಸ್ಟೀವ್ ಜಾಬ್ಸ್. ಮರುವರ್ಷವೇ ಸ್ಯಾಮ್‌ಸಂಗ್ 5.3 ಇಂಚಿನ ಗ್ಯಾಲಕ್ಸಿ ನೋಟ್ ತಂದಿತು. ಕಿವಿಗೆ ಹಲಗೆ ಹಿಡಿದ ಹಾಗಿದೆ ಅಂತ ಜನ ನಕ್ಕರು. ನಕ್ಕವರೇ ಆಮೇಲೆ ಸಾಲುಗಟ್ಟಿ ಕೊಂಡರು. 2012ರಲ್ಲಿ ಐಫೋನ್ 5 ಬಂದಾಗ ಪರದೆಯ ಎತ್ತರ ಮಾತ್ರ ಹೆಚ್ಚಿಸಿ, ಅಗಲವನ್ನು ಹೆಚ್ಚು ಕಡಿಮೆ ಹಾಗೇ ಬಿಟ್ಟಿದ್ದರು. ಹೆಬ್ಬೆರಳು ಇಲ್ಲಿಂದ ಅಲ್ಲಿಯವರೆಗೆ ಸಲೀಸಾಗಿ ಓಡಾಡುತ್ತದೆ ನೋಡಿ ಅಂತ ಜಾಹೀರಾತನ್ನೂ ಮಾಡಿದರು. ಎರಡೇ ವರ್ಷ. 2014ರಲ್ಲಿ ಅದೇ ಆಪಲ್ 4.7 ಮತ್ತು 5.5 ಇಂಚಿನವನ್ನು ತಂದಿತು. ಆ ಎರಡು ವರ್ಷದಲ್ಲಿ ಯಾರ ಹೆಬ್ಬೆರಳೂ ಬೆಳೆದಿರಲಿಲ್ಲ. ಅದು ಅವರಿಗೂ ಗೊತ್ತಿತ್ತು, ಅದಕ್ಕೇ ಹೋಮ್ ಬಟನ್ನನ್ನು ಎರಡು ಸಲ ಮೆಲ್ಲಗೆ ಮುಟ್ಟಿದರೆ ಪರದೆಯಲ್ಲಿರುವುದೆಲ್ಲ ಕೆಳಗಿಳಿದು ಬರುವ ಏರ್ಪಾಡನ್ನೂ ಜೊತೆಗೆ ಕೊಟ್ಟರು. ಬಾಗಿಲ ಚಿಲಕವನ್ನು ಎಟುಕದ ಎತ್ತರಕ್ಕೆ ಹಾಕಿ, ಪಕ್ಕದಲ್ಲೊಂದು ಸ್ಟೂಲ್ ಇಟ್ಟ ಹಾಗೆ.

ಜನ ಫೋನನ್ನು ನಿಜವಾಗಿ ಹೇಗೆ ಹಿಡಿಯುತ್ತಾರೆ ಅಂತ ಸ್ಟೀವನ್ ಹೂಬರ್ ಅನ್ನುವ ವಿನ್ಯಾಸಕಾರರು ರಸ್ತೆ, ನಿಲ್ದಾಣಗಳಲ್ಲಿ ನಿಂತು ನೋಡಿ 2013ರಲ್ಲಿ ಬರೆದರು. ಅವರು ಗಮನಿಸಿದ್ದು 1,333 ಸಲ. ಅದರಲ್ಲಿ ಪರದೆ ಮುಟ್ಟಿ ಬಳಸುತ್ತಿದ್ದವರನ್ನಷ್ಟೇ ಲೆಕ್ಕಕ್ಕೆ ಹಿಡಿದರೆ, ಶೇ. 49ರಷ್ಟು ಒಂದೇ ಕೈಯ ಹಿಡಿತ. ಅಂದರೆ ಒಂದು ಕೈ ಅನ್ನುವುದು ನನ್ನೊಬ್ಬನ ಚಾಳಿಯಲ್ಲ.

ಇಲ್ಲಿ ಇಂಚಿನ ಲೆಕ್ಕದ ಬಗ್ಗೆ ಒಂದು ಮಾತು ಹೇಳಲೇಬೇಕು, ಕೊಳ್ಳುವವರು ಜಾಸ್ತಿ ಎಡವುವುದು ಇಲ್ಲೇ. ಪರದೆಯನ್ನು ಅಳೆಯುವುದು ಮೂಲೆಯಿಂದ ಮೂಲೆಗೆ, ಓರೆಯಾಗಿ. ಆದರೆ ಕೈಗೆ ಗೊತ್ತಾಗುವುದು ಅಗಲ. ಆ ಹಳೇ ಗ್ಯಾಲಕ್ಸಿ ನೋಟ್ 5.3 ಇಂಚೇ ಆದರೂ ಅಗಲ 83 ಮಿಲಿಮೀಟರ್ ಇತ್ತು. 6.1 ಇಂಚಿನ ಐಫೋನ್ 13 ಅದಕ್ಕಿಂತ ಕಿರಿದು, 71 ಚಿಲ್ಲರೆ. 2017ರ ಸುಮಾರಿಗೆ ಪರದೆಗಳು ಉದ್ದುದ್ದ ಆದವು, ಸುತ್ತಲಿನ ಅಂಚೂ ತೆಳುವಾಯಿತು, ಅದರಿಂದ ಹೀಗೆ. ನನ್ನದು 64 ಮಿಲಿಮೀಟರ್. ಹಾಗಾಗಿ ಫೋನ್ ಕೊಳ್ಳುವಾಗ ಎಷ್ಟು ಇಂಚು ಅಂತ ಕೇಳಬೇಡಿ, ಅಗಲ ಎಷ್ಟು, ತೂಕ ಎಷ್ಟು ಕೇಳಿ. ಇನ್ನೊಂದು ಮೋಸ ಇದೆ. 5.4ಕ್ಕೂ 6.7ಕ್ಕೂ ನಡುವೆ ಒಂದೂ ಕಾಲು ಇಂಚಿನ ವ್ಯತ್ಯಾಸ ತಾನೇ ಅನ್ನಿಸುತ್ತದೆ, ಆದರೆ ಪರದೆಯ ಹರವು ಲೆಕ್ಕ ಹಾಕಿದರೆ ಒಂದೂವರೆ ಪಟ್ಟು.

ದೊಡ್ಡ ಫೋನಿಗೆ ಕಾರಣ ಇಲ್ಲ ಅಂತ ನಾನು ಹೇಳುವುದಿಲ್ಲ. ನನ್ನ ಫೋನಿನ ಬ್ಯಾಟರಿ 2,400 ಎಂಎಎಚ್ ಸುತ್ತಮುತ್ತ. ದೊಡ್ಡವುಗಳಲ್ಲಿ 5,000 ಈಗ ಸಾಮಾನ್ಯ. ಒಳಗೆ ಜಾಗ ಇದ್ದರೆ ಕ್ಯಾಮೆರಾವೂ ದೊಡ್ಡದು ಕೂರುತ್ತದೆ, ಬಿಸಿಯೂ ಹರಡಿಕೊಳ್ಳುತ್ತದೆ. ವಯಸ್ಸಾದವರಿಗೆ ಅಕ್ಷರ ದಪ್ಪ ಬೇಕು. ಎಷ್ಟೋ ಜನರಿಗೆ ಟಿವಿ, ಕಂಪ್ಯೂಟರ್, ಪುಸ್ತಕ ಎಲ್ಲ ಅದೊಂದೇ. ಅವರ ಹತ್ತಿರ ಹೋಗಿ ಚಿಕ್ಕದು ತಗೊಳ್ಳಿ ಅನ್ನಲು ನನಗೇನು ಹುಚ್ಚೇ? ನನಗೂ ಕನ್ನಡ ಟೈಪ್ ಮಾಡುವಾಗ ಒತ್ತಕ್ಷರ ಒಂದಕ್ಕೆ ಇನ್ನೊಂದು ಬೀಳುವುದುಂಟು, ಒಪ್ಪಿಕೊಂಡೆ.

ದೊಡ್ಡದು ಇರಲಿ. ಚಿಕ್ಕದನ್ನು ಯಾಕೆ ತೆಗೆದುಹಾಕಿದರು ಅನ್ನುವುದು ನನ್ನ ತಕರಾರು. ಸೋನಿಯವರು 2014ರಲ್ಲಿ ಎಕ್ಸ್‌ಪೀರಿಯಾ ಜೆಡ್1 ಕಾಂಪ್ಯಾಕ್ಟ್ ಅಂತ ತಂದಿದ್ದರು. 4.3 ಇಂಚು, ಆದರೆ ಒಳಗಿನ ಪ್ರೊಸೆಸರ್ರು, ಕ್ಯಾಮೆರಾ ಎಲ್ಲ ಅವರ ದೊಡ್ಡ ಫೋನಿನದೇ. ಚಿಕ್ಕದು ಅಂದರೆ ಕಳಪೆ ಅಂತ ಇರಬೇಕಿಲ್ಲ ಅನ್ನುವುದಕ್ಕೆ ಅಷ್ಟು ಒಳ್ಳೆಯ ಸಾಕ್ಷಿ ಮತ್ತೊಂದಿಲ್ಲ. 2018ರ ಎಕ್ಸ್‌ಜೆಡ್2 ಕಾಂಪ್ಯಾಕ್ಟ್ ಆದಮೇಲೆ ಆ ಸಾಲು ನಿಂತುಹೋಯಿತು. ಏಸಸ್‌ನವರ ಜೆನ್‌ಫೋನ್ 2023ರವರೆಗೂ 5.9 ಇಂಚಿನಲ್ಲಿ ಗಟ್ಟಿಯಾಗಿ ನಿಂತಿತ್ತು, 2024ರಲ್ಲಿ ಅಲ್ಟ್ರಾ ಅಂತ ಹೆಸರಿಟ್ಟುಕೊಂಡು 6.78 ಆಯಿತು. ಆಪಲ್ 2022ರಲ್ಲಿ ಮಿನಿಯನ್ನು ಬಿಟ್ಟು ಅದರ ಜಾಗಕ್ಕೆ 6.7 ಇಂಚಿನ ಪ್ಲಸ್ ತಂದು ಕೂರಿಸಿತು. ಪೆಬಲ್ ವಾಚ್ ಮಾಡಿದ ಎರಿಕ್ ಮಿಗಿಕೋವ್ಸ್ಕಿ ಅದೇ ವರ್ಷ, ಒಳ್ಳೆಯ ಚಿಕ್ಕ ಆ್ಯಂಡ್ರಾಯ್ಡ್ ಫೋನ್ ಯಾರಾದರೂ ಮಾಡಿ ಅಂತ ಸಹಿ ಸಂಗ್ರಹವನ್ನೇ ಶುರು ಮಾಡಿದರು. ಸಾವಿರಾರು ಸಹಿ ಬಿದ್ದವು. ಫೋನ್ ಮಾತ್ರ ಬರಲಿಲ್ಲ.

ಯಾಕೆ ಅಂತ ನಾನೂ ಯೋಚಿಸಿದ್ದೇನೆ. ಅಂಗಡಿಯಲ್ಲಿ ಎರಡು ಫೋನು ಪಕ್ಕಪಕ್ಕ ಇಟ್ಟರೆ ಕಣ್ಣು ಹೋಗುವುದು ದೊಡ್ಡದರ ಕಡೆಗೆ. ಕೈ ತನ್ನ ಅಭಿಪ್ರಾಯ ಹೇಳುವುದು ಎರಡು ವಾರ ಆದಮೇಲೆ, ಅಷ್ಟರಲ್ಲಿ ದುಡ್ಡು ಕೊಟ್ಟಾಗಿರುತ್ತದೆ. ಇನ್ನೊಂದು, ನಾವು ಚಿಕ್ಕ ಫೋನಿನವರು ಒಳ್ಳೆಯ ಗಿರಾಕಿಗಳಲ್ಲ. ಸಿಕ್ಕಿದ್ದನ್ನು ಎದೆಗವಚಿಕೊಂಡು ನಾಲ್ಕೈದು ವರ್ಷ ದೂಡುತ್ತೇವೆ. ನನ್ನದೇ ನೋಡಿ, ಬ್ಯಾಟರಿ ಸೊರಗಿದಾಗ ಹೊಸ ಫೋನ್ ಬದಲು ಹೊಸ ಬ್ಯಾಟರಿ ಹಾಕಿಸಿದೆ. ರಿಪೇರಿಯವನು ಬಿಚ್ಚಿದ ಫೋನನ್ನು ಅಂಗೈ ಮೇಲಿಟ್ಟುಕೊಂಡು, ಒಳಗಿನ ಆ ಪುಟಾಣಿ ಬ್ಯಾಟರಿಯನ್ನೇ ಸ್ವಲ್ಪ ಹೊತ್ತು ನೋಡಿ, ಇಷ್ಟರಲ್ಲಿ ದಿನ ಕಳೆಯುತ್ತದಾ ಸಾರ್ ಅಂತ ಕೇಳಿದ. ಕಳೆಯುತ್ತದೆ, ಸಂಜೆ ನಾಲ್ಕಕ್ಕೆ ಒಂದು ಗುಟುಕು ಚಾರ್ಜ್ ಕೊಟ್ಟರೆ, ಅಂದೆ.

ಇವತ್ತು ನಾಲ್ಕಕ್ಕೆ ಕೊಡುವುದು ಮರೆತುಹೋಯಿತು. ಫೋನ್ ಈಗ ಶರ್ಟಿನ ಜೇಬಿನಲ್ಲಿದೆ, ಬಗ್ಗಿದರೂ ಬೀಳುವುದಿಲ್ಲ. ಒಳಗೆ ಬರುವ ಮುಂಚೆ ಆಫ್ ಮಾಡುವಾಗ ನೋಡಿದೆ, ಶೇ. 23 ಇತ್ತು. ಮನೆ ತಲುಪುವವರೆಗೆ ಸಾಕಾಗಬಹುದು. ಬರುತ್ತೇನೆ, ನಮಸ್ಕಾರ.